ಶುಕ್ರವಾರದ ಉಸಿರು

2016ರಲ್ಲಿ ನಾನು ಮಸ್ಕತ್‌ನ ಘಾಲಾದಲ್ಲಿ, ಒಂದು ಸಣ್ಣ ಖಾಸಗಿ ಕ್ಲಿನಿಕ್ಕಿನಲ್ಲಿ ಉಸಿರಿನ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಘಾಲಾ ಎಂದರೆ ಗ್ಯಾರೇಜು, ವರ್ಕ್‌ಶಾಪು, ಗೋದಾಮುಗಳ ಜಾಗ. ಅಲ್ಲಿನ ಕೆಲಸಗಾರರಿಗೆ ಕಂಪನಿಯವರು ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ ಮಾಡಿಸುತ್ತಿದ್ದರು. ರಕ್ತ, ಕಣ್ಣು, ಕಿವಿ ನೋಡಲು ಬೇರೆಯವರಿದ್ದರು. ಶ್ವಾಸಕೋಶ ನನ್ನ ಪಾಲಿಗೆ. ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡು ಆಗ ಏಳು ವರ್ಷ. ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಮಂಗಳೂರಿನಲ್ಲಿ ನರ್ಸಿಂಗ್ ಸಹಾಯಕಿಯ ತರಬೇತಿ ಪಡೆದಿದ್ದ ನನಗೆ ಆ ಕೆಲಸ ಸಿಕ್ಕಿದ್ದೇ ದೊಡ್ಡದಾಗಿತ್ತು. ಯಾರ ಮುಂದೆಯೂ ನನ್ನ ಅಭಿಪ್ರಾಯ ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ ಹೇಳಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಯಂತ್ರದ ಹೆಸರು ಸ್ಪೈರೋಮೀಟರ್. ಎದೆ ತುಂಬ ಗಾಳಿ ಎಳೆದುಕೊಂಡು, ಅದರ ಕೊಳವೆಗೆ ಬಾಯಿಟ್ಟು, ಇದ್ದ ಬಲವೆಲ್ಲ ಹಾಕಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಲೀಟರ್ ಗಾಳಿ ಹೊರಬಂತು ಎಂಬುದು ಮುಖ್ಯ ಸಂಖ್ಯೆ. ಉಸಿರಿನ ಕೊಳವೆಗಳು ಬಿಗಿದುಕೊಂಡವರಿಗೆ ಆ ಸಂಖ್ಯೆ ಇಳಿಯುತ್ತದೆ. ಊದುವವರ ಪಕ್ಕದಲ್ಲಿ ನಿಂತು "ಊದಿ, ಊದಿ, ಇನ್ನೂ ಊದಿ" ಎಂದು ಕೂಗುವುದು ಪರೀಕ್ಷೆ ಮಾಡುವವರ ಕೆಲಸ. ನನಗೆ ಕೂಗಲು ಬರುತ್ತಿರಲಿಲ್ಲ. "ಸಿಸ್ಟರ್, ನೀವು ಗುಟ್ಟು ಹೇಳಿದರೆ ಅವರೂ ಗುಟ್ಟಾಗಿಯೇ ಊದುತ್ತಾರೆ," ಎಂದು ನಮ್ಮ ಮಲಯಾಳಿ ಡಾಕ್ಟರು ನಗುತ್ತಿದ್ದರು.

ಪರೀಕ್ಷೆಗೆ ಮೊದಲು ಒಂದು ಫಾರಂ ತುಂಬಿಸಬೇಕಿತ್ತು. ಅದರಲ್ಲಿ ಹದಿನೆಂಟು ಪ್ರಶ್ನೆ. ಬೀಡಿ ಸಿಗರೇಟು ಉಂಟೇ, ಮನೆಯಲ್ಲಿ ಯಾರಿಗಾದರೂ ದಮ್ಮು ಉಂಟೇ, ಹೀಗೆ. ಹದಿನಾಲ್ಕನೆಯ ಪ್ರಶ್ನೆ: ರಜೆಯ ದಿನಗಳಲ್ಲಿ ಉಸಿರಾಟ ಸುಲಭವಾಗುತ್ತದೆಯೇ? ದಿನಕ್ಕೆ ಇಪ್ಪತ್ತು ಮೂವತ್ತು ಜನರಿಗೆ ಅದನ್ನು ಓದಿ ಓದಿ, ನಾನು ಏನು ಕೇಳುತ್ತಿದ್ದೇನೆಂಬುದು ನನಗೇ ಕೇಳಿಸುತ್ತಿರಲಿಲ್ಲ.

ಎಣ್ಣೆಯ ಬೆಲೆ ಬಿದ್ದ ವರ್ಷಗಳು ಅವು. ಎಣ್ಣೆ ಕಂಪನಿಗಳು ಗುತ್ತಿಗೆ ನಿಲ್ಲಿಸಿದರೆ ಅವರ ಗಾಡಿಗಳು ಗ್ಯಾರೇಜಿಗೆ ಬರುವುದು ನಿಲ್ಲುತ್ತಿತ್ತು. ಗಾಡಿ ಬರದಿದ್ದರೆ ಜನರನ್ನು ಊರಿಗೆ ಕಳಿಸುತ್ತಿದ್ದರು. ಯಾರನ್ನು ಮೊದಲು ಕಳಿಸುವುದೆಂದು ನೋಡುವಾಗ ಫಿಟ್‌ನೆಸ್ ಕಾಗದವೂ ಲೆಕ್ಕಕ್ಕೆ ಬರುತ್ತಿತ್ತು. ಹಾಗಾಗಿ ಕೆಮ್ಮು ಇದ್ದವರು ನನ್ನ ಬಾಗಿಲ ಹೊರಗೆ ನಿಂತು ಕೆಮ್ಮಿ ಮುಗಿಸಿ ಒಳಗೆ ಬರುತ್ತಿದ್ದರು.

ಹಮೀದ್ ಎಂಬವರು ನಮ್ಮ ಹಿಂದಿನ ಬೀದಿಯ ಗ್ಯಾರೇಜಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುತ್ತಿದ್ದರು. ವಯಸ್ಸು ಮೂವತ್ತೆಂಟು. ಉಪ್ಪಿನಂಗಡಿ ಕಡೆಯ ಬ್ಯಾರಿಗಳು, ನಮ್ಮ ಊರಿನಿಂದ ಎರಡು ಬಸ್ ಸ್ಟಾಪ್ ದೂರ. ಅದು ಗೊತ್ತಾದ ದಿನದಿಂದ ಅವರಿಗೆ ನಾನು ಸಿಸ್ಟರ್ ಹೋಗಿ ಅಕ್ಕ ಆಗಿದ್ದೆ. ಕಡಲ ಬದಿಯ ಬರ್ಕಾ ಊರಿಗೆ ಹೋದಾಗಲೆಲ್ಲ ಮೀನು ತಂದುಕೊಡುತ್ತಿದ್ದರು. ನಾನು ಮೀನು ತಿನ್ನುವುದಿಲ್ಲ ಎಂದು ಹೇಳಲು ನಾಚಿಕೆಯಾಗಿ ಎರಡು ವರ್ಷ ಪಕ್ಕದ ಫ್ಲಾಟಿನವರಿಗೆ ಕೊಟ್ಟೆ.

ಬಕ್ರೀದ್ ರಜೆಗೆ ಮೊದಲಿನ ಗುರುವಾರ ಮಧ್ಯಾಹ್ನ, ಕ್ಲಿನಿಕ್ ಖಾಲಿ ಇರುವಾಗ, ಅವರು ಬಂದು ಜೇಬಿನಿಂದ ಒಂದು ವಸ್ತು ತೆಗೆದು ನನ್ನ ಮೇಜಿನ ಮೇಲಿಟ್ಟರು. ಕಪ್ಪು ಲೋಹದ್ದು, ಅಂಗೈಯಲ್ಲಿ ಹಿಡಿಯುವಷ್ಟು, ಪಕ್ಕದಲ್ಲಿ ಸಣ್ಣ ಪರದೆ. ಅದು ವೇಪ್, ತಂಬಾಕು ಸುಡುವ ಬದಲು ನಿಕೋಟಿನ್ ಇರುವ ದ್ರವವನ್ನು ಬಿಸಿ ಮಾಡಿ ಆವಿ ಎಳೆಯುವ ಸಾಧನ. ಒಮಾನಿನ ಅಂಗಡಿಗಳಲ್ಲಿ ಮಾರುವಂತಿರಲಿಲ್ಲ. ಅವರ ರೂಮಿನವರೊಬ್ಬರು ದುಬೈಯಿಂದ ತಂದಿದ್ದರು. ಬೆಲೆ ನಲವತ್ತೆಂಟು ರಿಯಾಲ್, ಹಮೀದರ ತಿಂಗಳ ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು. ಮೊದಲು ಅಗ್ಗದ್ದೊಂದು ಕೊಂಡಿದ್ದರಂತೆ. ಅದು ಸೋರಿ, ಸುಟ್ಟ ವಾಸನೆ ಬಂದು, ಮೂರೇ ದಿನಕ್ಕೆ ಸಿಗರೇಟಿಗೆ ಮರಳಿದ್ದರು. ಇದರಲ್ಲಿ ಬಿಸಿ ಎಷ್ಟು ಬೇಕೆಂದು ನಾವೇ ಇಡಬಹುದು, ಸೋರುವುದಿಲ್ಲ, ಒಳಗಿನ ಕಾಯಿಲ್ ಬದಲಿಸಬಹುದು ಎಂದು ಹೊಸ ಗಾಡಿಯ ಬಗ್ಗೆ ಹೇಳುವ ಹಾಗೆ ಹೇಳಿದರು. ರಜೆ ಮುಗಿಯುವವರೆಗೆ ಇಟ್ಟು ನೋಡು, ಬೇಡವಾದರೆ ವಾಪಸು ಕೊಡು ಎಂದು ರೂಮಿನವರು ಕೊಟ್ಟಿದ್ದರು.

ಅವರಿಗೆ ಕೆಲವು ತಿಂಗಳಿಂದ ಕೆಮ್ಮು, ಸಂಜೆಯಾದರೆ ಎದೆಯಲ್ಲಿ ಸುಯ್ಯೆಂಬ ಸದ್ದು. ನವೆಂಬರಿನಲ್ಲಿ ಫಿಟ್‌ನೆಸ್ ಪರೀಕ್ಷೆ. ಫೇಲಾದರೆ ಊರಿಗೆ ಟಿಕೆಟು. ಮನೆಯಲ್ಲಿ ಹೆಂಡತಿ ನಫೀಸಾ, ಇಬ್ಬರು ಹೆಣ್ಣುಮಕ್ಕಳು.

"ಅಕ್ಕ, ಇವತ್ತು ಒಮ್ಮೆ ಊದ್ತೇನೆ, ರಜೆ ಮುಗಿದ ಮೇಲೆ ಒಮ್ಮೆ ಊದ್ತೇನೆ. ಇಷ್ಟು ಪೈಸ ಕೊಡ್ಲಿಕ್ಕೆ ಉಂಟಾ ಇಲ್ವಾ, ನೀವು ಹೇಳಿ," ಎಂದರು. "ರೂಮಿನಲ್ಲಿ ಒಬ್ಬೊಬ್ಬ ಒಂದೊಂದು ಹೇಳ್ತಾನೆ. ನಿಮ್ಮ ಮಿಷಿನ್ ಸುಳ್ಳು ಹೇಳುದಿಲ್ಲ ಅಲ್ವಾ?"

ಡಾಕ್ಟರಿಗೆ ಗೊತ್ತಾದರೆ ಫೈಲಿನಲ್ಲಿ ಬರೆಯುತ್ತಾರೆ, ಫೈಲಿನಲ್ಲಿ ಬಂದರೆ ಕಂಪನಿಗೆ ಹೋಗುತ್ತದೆ ಎಂಬ ಭಯ ಅವರಿಗೆ. ಊರಿನವರು, ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಹೆಸರು ಹಾಕದೆ ಪರೀಕ್ಷೆ ಮಾಡಿದೆ. ಹೆಸರೇ ಇಲ್ಲದ ಮೇಲೆ ಫಾರಂ ಯಾಕೆಂದು ಅದನ್ನೂ ತುಂಬಿಸಲಿಲ್ಲ. ಸಂಖ್ಯೆ 2.1 ಲೀಟರ್ ಬಂತು. ಅವರ ಎತ್ತರಕ್ಕೆ, ವಯಸ್ಸಿಗೆ ಅದು ತೀರ ಕಡಿಮೆ.

ಗಾಡಿಗಳೇ ಇರಲಿಲ್ಲವಾದ್ದರಿಂದ ಗ್ಯಾರೇಜಿನ ಒಡೆಯರು ಆ ಸಲ ಹನ್ನೆರಡು ದಿನ ಬಾಗಿಲು ಹಾಕಿದರು. ಹಮೀದ್ ಬರ್ಕಾದಲ್ಲಿ ಚಿಕ್ಕಪ್ಪನ ಮಗನ ಅಂಗಡಿಯಲ್ಲಿ, ಸಮುದ್ರದ ಹತ್ತಿರ, ರಜೆ ಕಳೆದು ಗ್ಯಾರೇಜು ತೆರೆಯುವ ಹಿಂದಿನ ದಿನ ಬಂದರು. ಮುಖದಲ್ಲಿ ಕಳೆ ಇತ್ತು. ಒಂದು ಸಿಗರೇಟೂ ಮುಟ್ಟಿಲ್ಲ ಎಂದರು. ನಾನು ಎಂದೂ ಇಲ್ಲದಷ್ಟು ಗಟ್ಟಿಯಾಗಿ "ಊದಿ" ಎಂದೆ. ಯಂತ್ರ 2.7 ತೋರಿಸಿತು. ಮತ್ತೆ ಊದಿಸಿದೆ. ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ.

ಎರಡು ಕಾಗದಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆವು. ಅವರು ನನ್ನ ಮುಖ ನೋಡುತ್ತಿದ್ದರು.

"ತಗೊಳ್ಳಿ ಹಮೀದ್," ಎಂದೆ. "ಕೊಟ್ಟ ದುಡ್ಡಿಗೆ ಮೋಸ ಇಲ್ಲ."

ಆ ದಿನ ಮನೆಗೆ ಹೋಗುವಾಗ ನನಗೆ ಹೆಮ್ಮೆಯಾಗಿತ್ತು. ಒಬ್ಬ ಮನುಷ್ಯನ ಸಿಗರೇಟು ಬಿಡಿಸಿದೆ ಎಂದುಕೊಂಡೆ.

ಅಕ್ಟೋಬರಿನಲ್ಲಿ ಹಮೀದ್ ಫೋನ್ ಮಾಡಿದರು. ಸಂಜೆ ಮತ್ತೆ ಎದೆ ಬಿಗಿಯುತ್ತಿತ್ತು. ವೇಪಿನ ದ್ರವದ ಮಾವಿನ ಫ್ಲೇವರ್ ತನಗೆ ಆಗುವುದಿಲ್ಲವೋ ಏನೋ ಎಂಬ ಅನುಮಾನ ಅವರದು. ಬದಲಿಸಿ ನೋಡಿ, ಬಿಸಿ ಕಡಿಮೆ ಇಡಿ ಎಂದೆ. ಗ್ಯಾರೇಜಿನ ಇನ್ನೊಬ್ಬ ಪೇಂಟರನ್ನು ಊರಿಗೆ ಕಳಿಸಿದ್ದರಿಂದ ಇಬ್ಬರ ಕೆಲಸ ಒಬ್ಬರ ಮೇಲೆ ಬಿದ್ದಿತ್ತು. ಮಾಸ್ಕಿನ ಫಿಲ್ಟರ್ ಬದಲಿಸದೆ ಎಷ್ಟೋ ದಿನವಾಗಿತ್ತು. ವಾರದ ರಜೆ ಶುಕ್ರವಾರ, ಆಗಲಾದರೂ ವಿಶ್ರಾಂತಿ ಮಾಡಿ ಎಂದೆ. ಅವರು ನಕ್ಕರು. "ಶುಕ್ರವಾರ ಎದೆಗೆ ಎಂತದ್ದೂ ಇಲ್ಲ ಅಕ್ಕ. ಶುಕ್ರವಾರ ನಾನು ಕುದುರೆ."

ಆ ಮಾತನ್ನು ನಾನು ಕೇಳಿದೆ. ಕೇಳಿ ನಾನೂ ನಕ್ಕೆ.

ನವೆಂಬರಿನ ಒಂದು ಬುಧವಾರ ಬೇರೊಂದು ಗ್ಯಾರೇಜಿನ ಪೇಂಟರ್ ಬಂದರು. ಫಾರಂ ಓದುತ್ತಾ ಹದಿನಾಲ್ಕನೆಯ ಪ್ರಶ್ನೆಗೆ ಬಂದೆ. ರಜೆಯಲ್ಲಿ ಉಸಿರಾಟ ಸುಲಭವಾಗುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದೆ. ಅವರು ಇಲ್ಲವೆಂದರು. ನಾನು ಮುಂದಿನ ಪ್ರಶ್ನೆ ಓದಲಿಲ್ಲ. ಶುಕ್ರವಾರ ನಾನು ಕುದುರೆ ಎಂದ ಹಮೀದರ ಮಾತು ನೆನಪಾಯಿತು.

ಕಾರಿನ ಪೇಂಟ್ ಗಟ್ಟಿಯಾಗಲು ಅದಕ್ಕೆ ಹಾರ್ಡನರ್ ಎಂಬ ದ್ರವ ಬೆರೆಸುತ್ತಾರೆ. ಕೆಲವರ ಶ್ವಾಸಕೋಶ ವರ್ಷಗಟ್ಟಲೆ ಅದರ ಆವಿ ತಡೆದುಕೊಂಡು, ಒಂದು ದಿನದಿಂದ ತಡೆದುಕೊಳ್ಳುವುದಿಲ್ಲ. ಅಂಥವರ ಎದೆ ಕೆಲಸದ ದಿನ ಬಿಗಿಯುತ್ತದೆ, ರಜೆಯ ದಿನ ಸಡಿಲವಾಗುತ್ತದೆ. ಆ ಪ್ರಶ್ನೆ ಇರುವುದೇ ಅದನ್ನು ಹಿಡಿಯಲು; ಕೆಲಸಕ್ಕೆ ಸೇರಿದ ವಾರ ಡಾಕ್ಟರು ನನಗೆ ಹೇಳಿಕೊಟ್ಟಿದ್ದರು. ಹಮೀದರ 2.1 ಸಂಖ್ಯೆ ಪೇಂಟ್ ಹೊಡೆಯುವ ಮುಚ್ಚಿದ ಕೋಣೆಯಿಂದ, ಅಂದರೆ ಸ್ಪ್ರೇ ಬೂತಿನಿಂದ, ನೇರ ಬಂದ ಉಸಿರು. 2.7 ಬರ್ಕಾದಲ್ಲಿ ಹನ್ನೆರಡು ದಿನ ಕಳೆದ ಉಸಿರು. ನಾನು ನಡುವೆ ಇದ್ದ ಕಪ್ಪು ಸಾಧನವನ್ನು ಮಾತ್ರ ನೋಡಿದ್ದೆ.

ಹೊರಗೆ ಹೋಗಿ ಫೋನ್ ಮಾಡಿದೆ. ಹಿಂದೆ ಕಂಪ್ರೆಸರ್ ಸದ್ದು.

"ಅಕ್ಕ, ಬೂತಿನೊಳಗೆ ಇದ್ದೇನೆ. ಮೂರು ಗಾಡಿ ಉಂಟು. ಅರ್ಜೆಂಟಾ?"

"ಇಲ್ಲ, ಇಲ್ಲ. ಅರ್ಜೆಂಟ್ ಎಂತ ಇಲ್ಲ. ಮತ್ತೆ ಮಾತಾಡುವ."

ಯಾಕೆ ಹಾಗೆ ಹೇಳಿದೆನೆಂದು ನಿಮಗೆ ಪ್ರಾಮಾಣಿಕವಾಗಿ ಹೇಳಬೇಕು. ಕೆಲಸದ ನಡುವೆ ತೊಂದರೆ ಕೊಡಬಾರದೆಂಬ ಸಂಕೋಚ ಒಂದು. ನನ್ನ ಮಾತು ನಂಬಿ ವೇಪ್ ಕೊಂಡಿರಿ, ನಾನು ತಪ್ಪು ಹೇಳಿದ್ದೆ ಎಂದು ಅವರಿಗೆ ಹೇಳಲು ನಾಚಿಕೆ ಇನ್ನೊಂದು. ಫಾರಂ ಇಲ್ಲದೆ ಪರೀಕ್ಷೆ ಮಾಡಿದ್ದು ಡಾಕ್ಟರಿಗೆ ತಿಳಿದರೆ ನನ್ನ ಕೆಲಸ ಹೋಗುತ್ತದೆಂಬ ಭಯವೂ ಇತ್ತು. ಮುಂದಿನ ಮಂಗಳವಾರ ಹೇಗೂ ಅವರ ಫಿಟ್‌ನೆಸ್ ಪರೀಕ್ಷೆ, ಆಗ ಎದುರಿಗೇ ಹೇಳಿದರಾಯಿತು ಎಂದುಕೊಂಡೆ. ನಡುವೆ ಒಂದು ಶುಕ್ರವಾರವೂ ಬಂದು ಹೋಯಿತು. ಆ ದಿನ ಅವರು ಚೆನ್ನಾಗಿದ್ದಿರಬೇಕು.

ಸೋಮವಾರ ಹಗಲು ಹನ್ನೊಂದು ಗಂಟೆಗೆ ಹಮೀದ್ ಬೂತಿನೊಳಗೆ ಕುಸಿದರು. ಆಸ್ಪತ್ರೆ ತಲುಪುವಾಗ ಉಸಿರು ಇರಲಿಲ್ಲ. ಅವರ ರೂಮಿನವರು ಬಂದು ಹೇಳಿದಾಗ ನಾನು ಮರುದಿನದ ಪಟ್ಟಿ ಬರೆಯುತ್ತಿದ್ದೆ. ಅದರಲ್ಲಿ ಅವರದು ನಾಲ್ಕನೆಯ ಹೆಸರು. ಡಾಕ್ಟರ ಕೋಣೆಗೆ ಹೋಗಿ ಎರಡೂ ಕಾಗದ ಮುಂದಿಟ್ಟು ಎಲ್ಲ ಹೇಳಿದೆ. ಡಾಕ್ಟರು ಎರಡೂ ಸಂಖ್ಯೆ ಓದಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ಗ್ಯಾರೇಜಿಗೆ ಅವರೇ ಪತ್ರ ಬರೆದರು. ಬೂತಿನ ಗಾಳಿಯ ಫ್ಯಾನು, ಮಾಸ್ಕು ಎಲ್ಲ ಹೊಸತಾಯಿತು ಎಂದು ಆಮೇಲೆ ಕೇಳಿದೆ.

ಮುಂದೆ ಎರಡು ವರ್ಷ ನಾನು ಅಲ್ಲಿಯೇ ಕೆಲಸ ಮಾಡಿದೆ. ಬಾಗಿಲಿನ ಹೊರಗೆ ಯಾರಾದರೂ ಕೆಮ್ಮಿ ಮುಗಿಸುವ ಸದ್ದು ಕೇಳಿದರೆ ಹಮೀದ್ ಬಂದರೆಂದೇ ತಲೆ ಎತ್ತುತ್ತಿದ್ದೆ. ಈಗಲೂ ಕೊಯ್ದಿಟ್ಟ ಮಾವಿನ ಹಣ್ಣಿನ ವಾಸನೆ ನನಗೆ ಆಗುವುದಿಲ್ಲ. ಅಜ್ಜಿಗೆ ಸಕ್ಕರೆ ಕಾಯಿಲೆ, ಅದಕ್ಕೇ ತಿನ್ನುವುದಿಲ್ಲ ಎಂದು ನಿಮ್ಮ ಅಮ್ಮ ನಿಮಗೆ ಹೇಳಿದ್ದಾಳೆ. ನಾನೂ ಅದನ್ನು ತಿದ್ದಲಿಲ್ಲ.

ಊರಿಗೆ ಮರಳಿದ ಮೇಲೆ ಧೈರ್ಯ ಮಾಡಿ ನಫೀಸಾರ ಮನೆಗೆ ಹೋದೆ. ಚಹಾ ಕೊಟ್ಟು, ಕಪಾಟಿನಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದರು. ಗಡಿಯಾರ, ಪರ್ಸು, ಆ ಕಪ್ಪು ವೇಪ್.

"ಅಕ್ಕ ನೋಡಿ ಹೇಳಿದ್ದಾರೆ, ಒಳ್ಳೆದುಂಟಂತೆ ಅಂತ ಫೋನಿನಲ್ಲಿ ಹೇಳಿದ್ರು," ಎಂದರು. "ಇದರಿಂದಲೇ ಆದದ್ದಾ? ನನಗೆ ದಿನಾ ಅವರ ಮೇಲೆ ಸಿಟ್ಟು ಬರ್ತದೆ. ಇದೊಂದು ಹಾಳು ಚಟದಿಂದ ಹೋದ್ರಲ್ಲಾಂತ."

ಇದು ಎದೆಗೆ ಏನು ಮಾಡಿತೋ ನನಗೆ ಗೊತ್ತಿಲ್ಲ, ಒಳ್ಳೆಯದೆಂದು ನಾನು ಹೇಳಬಾರದಿತ್ತು ಎಂದೆ. ಆದರೆ ಅವರನ್ನು ಕೊಂದದ್ದು ಬಹುಶಃ ಕೆಲಸದ ಪೇಂಟು ಎಂದೆ. ಶುಕ್ರವಾರದ ಮಾತು, ಬುಧವಾರದ ಫೋನು, ಯಾವುದನ್ನೂ ಮುಚ್ಚಿಡದೆ ಹೇಳಿದೆ. ನಫೀಸಾ ತಲೆ ಬಗ್ಗಿಸಿ ಕೇಳಿಸಿಕೊಂಡರು. ನಾನು ಬೈಗುಳಕ್ಕೆ ಕಾದು ಕುಳಿತೆ.

"ಹಾಗಾದ್ರೆ ಸಿಗರೇಟು ನಿಜವಾಗಿ ಬಿಟ್ಟಿದ್ರಾ?" ಎಂದು ಕೇಳಿದರು.

"ಬಿಟ್ಟಿದ್ರು. ಆಮೇಲೆ ಒಂದೂ ಮುಟ್ಟಲಿಲ್ಲ."

ಅವರು ಆ ವಸ್ತುವನ್ನು ಸೆರಗಿನಿಂದ ಒರೆಸಿ, ಗಡಿಯಾರದ ಪಕ್ಕದಲ್ಲಿ ಇಟ್ಟು ಗಂಟು ಕಟ್ಟಿದರು. ನಾನು ಹೊರಟಾಗ ಬಾಗಿಲವರೆಗೂ ಬರಲಿಲ್ಲ. ಅದು ಸರಿಯೇ.

ಆ ಎರಡು ಕಾಗದ ನನ್ನ ಟ್ರಂಕಿನಲ್ಲಿವೆ. ಆ ಯಂತ್ರದ ಮುದ್ರಣ ವರ್ಷಗಳಲ್ಲಿ ಅಳಿಸಿ ಹೋಗುವಂಥದ್ದು. ಈಗ ಎರಡೂ ಬಿಳಿ. ಎಸೆಯಬೇಡಿ. ಒಬ್ಬರು ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಇದು ಬೆಲೆ ಬಾಳುತ್ತದೆಯೇ ಎಂದು ಕೇಳಿದರೆ, ಆ ವಸ್ತುವನ್ನು ನೋಡುವ ಮೊದಲು ಅವರು ದಿನವಿಡೀ ಎಲ್ಲಿ ನಿಂತಿರುತ್ತಾರೆ ಎಂದು ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಅಷ್ಟು. ಇನ್ನೊಂದನ್ನು ಕಲಿಸಿದವರು ಹಮೀದ್. ನಾನು ಫೋನ್ ಮಾಡಿದಾಗ ನೀವು ಗಡಿಬಿಡಿಯಲ್ಲಿ "ಅಜ್ಜಿ, ಅರ್ಜೆಂಟಾ?" ಎನ್ನುತ್ತೀರಿ. ನಾನು ಏನೂ ಇಲ್ಲದಿದ್ದರೂ "ಹೌದು" ಎನ್ನುತ್ತೇನೆ. ಆಮೇಲೆ ಊಟ ಆಯಿತಾ ಎಂದಷ್ಟೇ ಕೇಳುತ್ತೇನೆ. ನೀವು ನಗುತ್ತೀರಿ. ನಗಿ. ಇಲ್ಲ ಎನ್ನಲು ನನ್ನಿಂದ ಆಗುವುದಿಲ್ಲ.