ನಕ್ಷೆಯಲ್ಲಿಲ್ಲದ ಬಾವಿ

ಕಾಲುವೆ ಯಾರ ಹೊಲದಲ್ಲಿ ಹೋಗುತ್ತದೆಂಬುದು ಹೊಲದವನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಐವತ್ತರ ದಶಕದಲ್ಲಿ ದಾವಣಗೆರೆಯ ಪಿ.ಜೆ. ಬಡಾವಣೆಯ ಬಾಡಿಗೆ ಮನೆಯೊಂದರಲ್ಲಿದ್ದ ಕಾಲುವೆ ಕಚೇರಿಯಲ್ಲಿ ನಾನು ನಕ್ಷೆ ತೆಗೆಯುವ ಟ್ರೇಸರ್. ದೊಡ್ಡ ಕೆಲಸವೇನಲ್ಲ, ಆ ವಯಸ್ಸಿನಲ್ಲಿ ತಲೆ ತಿರುಗಲು ಅಷ್ಟೇ ಸಾಕಾಗಿತ್ತು.

ಅಕ್ಕನನ್ನು ಭಾನುವಳ್ಳಿಗೆ ಕೊಟ್ಟಿತ್ತು. ಹೊಲದಲ್ಲಿ ಒಂದು ಬಾವಿ ತೋಡಿಸಬೇಕೆಂಬುದು ಅವಳ ಬಹುದಿನದ ಆಸೆ. ಎಲ್ಲಿ ಕಾಲುವೆ ಬಂದು ನುಂಗೀತೋ ಎಂದು ಭಾವ ಹಿಂಜರಿಯುತ್ತಿದ್ದರು. ಕಚೇರಿಯ ಮಾತು ಹೊರಗೆ ಆಡಬಾರದೆಂದು ಗೊತ್ತಿದ್ದೂ ನಾನು ಹರಿಹರದಲ್ಲಿ ಬಸ್ಸು ಬದಲಿಸಿ ಹೋಗಿ ಜಂಬದಿಂದ ಹೇಳಿದೆ: "ಗೆರೆ ಗೋಮಾಳದಾಗ ಐತೆ ಅಕ್ಕ. ನಾನ ಎಳ್ದೀನಿ. ಧೈರ್ಯವಾಗಿ ತೋಡಸ್ರಿ."

ಎರಡು ಬೇಸಿಗೆ ತೋಡಿದರು. ಅಕ್ಕ ತಾನೇ ಮಣ್ಣು ಹೊತ್ತಳು. ನೀರು ಸಿಹಿಯಾಗಿತ್ತು.

ಆಮೇಲೆ ಮಂಜೂರಾತಿಗೆ ಕಳಿಸಿದ್ದ ನಕ್ಷೆ ಬೆಂಗಳೂರಿನಿಂದ ವಾಪಸು ಬಂತು. ಗೋಮಾಳದ ಗೆರೆಗೆ ಕೆಂಪು ಪೆನ್ಸಿಲಿನಲ್ಲಿ ಕಾಟು ಹೊಡೆದು, ಪಕ್ಕದಲ್ಲಿ ಬೇರೆ ಗೆರೆ ಎಳೆದಿದ್ದರು. ಅದು ಅಕ್ಕನ ಬಾವಿಯ ಮೇಲೇ ಹಾದಿತ್ತು. ಕಾರಣ ಬರೆದಿರಲಿಲ್ಲ. ಆ ಪುಣ್ಯಾತ್ಮರು ಭಾನುವಳ್ಳಿಯ ಮುಖ ಕಂಡವರೂ ಅಲ್ಲ. ಅಲ್ಲೊಂದು ಬಾವಿಯಿದೆ ಎಂದು ಇಂಜಿನಿಯರರಿಗೆ ಹೇಳಿದೆ. ನಕ್ಷೆಯಲ್ಲಿ ಬಾವಿ ಇದ್ದ ಕಡೆ ಸಣ್ಣ ಸೊನ್ನೆ ಹಾಕುವುದು ರೂಢಿ. ಅಳತೆ ಮುಗಿದ ಮೇಲೆ ತೋಡಿದ ಬಾವಿಗೆ ಸೊನ್ನೆಯಿರಲಿಲ್ಲ.

"ನಕ್ಷೆಯಲ್ಲಿ ಇಲ್ಲವಲ್ಲಪ್ಪ," ಎಂದರು. "ಮೇಲಿಂದ ತೀರ್ಮಾನವಾಗಿ ಬಂದಿದೆ. ಸುಮ್ಮನೆ ಗೆರೆ ಎಳಿ."

ಎಳೆದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ. ಒಂದು ಸೊನ್ನೆ ಹಾಕುವಷ್ಟು ಧೈರ್ಯವೂ ನನಗಿರಲಿಲ್ಲ.

ಹೊಲದಲ್ಲಿ ಕಲ್ಲು ನೆಟ್ಟರು. ಎರಡು ಬೇಸಿಗೆಯ ಬಾವಿ ಮುಚ್ಚಲು ಎರಡು ದಿನವೂ ಹಿಡಿಯಲಿಲ್ಲ. ಭಾವ ನನ್ನೊಡನೆ ಮಾತು ಬಿಟ್ಟರು. ಅಕ್ಕ ಬಿಡಲಿಲ್ಲ, ಬಿಟ್ಟಿದ್ದರೆ ಚೆನ್ನಾಗಿತ್ತು.

ಕೆಲವು ವರ್ಷಗಳ ನಂತರ ಕಾಲುವೆಗೆ ನೀರು ಬಿಟ್ಟ ದಿನ ಊರಿನವರೆಲ್ಲ ಅರಿಶಿನ ಕುಂಕುಮ ಹಿಡಿದು ಏರಿಯ ಮೇಲೆ ನಿಂತಿದ್ದರು. ಊರಿಗೆ ಒಳ್ಳೆಯದಾಯಿತು, ಇಲ್ಲವೆನ್ನಲಾರೆ. ಅಕ್ಕ ಮಾತ್ರ ಜನರನ್ನು ಬಿಟ್ಟು ಅಷ್ಟು ದೂರ ನಡೆದು, ಬಾವಿಯಿದ್ದ ನೇರಕ್ಕೆ ನಿಂತು ನೀರಿಗೆ ಕುಂಕುಮ ಬಿಟ್ಟಳು. ನಾನು ಹಿಂದೆಯೇ ಹೋಗಿದ್ದೆ.

"ತಮ್ಮಾ, ನಿಮ್ಮ ನಕ್ಷೆದಾಗ ನಮ್ಮ ಬಾವಿ ಐತೇನೋ?"

"ಐತೆ ಅಕ್ಕ," ಎಂದೆ.

"ಅಷ್ಟರ ಐತಲ್ಲ ಬಿಡು," ಎಂದಳು. ಮೊದಲ ಸಲ ನಂಬಿದ ಹಾಗೆಯೇ ಈ ಸಲವೂ ನನ್ನನ್ನು ನಂಬಿದಳು.