ಭತ್ತದ ಹಾಸಿನಲ್ಲಿ ಮಹಾಲಕ್ಷ್ಮಿಯ ಹಾದಿ

ಪರರ ಕಷ್ಟಕ್ಕೆ ನೆರವಿನ ಕೈ ಚಾಚಬೇಕೆಂಬುದು ನಮ್ಮ ಹಿರಿಯರು ನಮಗೆ ಬಿಟ್ಟುಹೋದ ದೊಡ್ಡ ಆಸ್ತಿ. ಆದರೆ ಆ ಕೈ ಕೆಲವೊಮ್ಮೆ ಎಷ್ಟು ಅವಸರದಿಂದ ಚಾಚಿಬಿಡುತ್ತದೆಂದರೆ, ಎದುರಿನ ಜೀವಕ್ಕೆ ಅದು ಬೇಕೋ ಬೇಡವೋ ಎಂದು ಮುಖ ನೋಡುವಷ್ಟೂ ಪುರುಸೊತ್ತು ಅದಕ್ಕಿರುವುದಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಗಳ ಹಿಂದಿನ ಓಣಿಯೊಂದರಲ್ಲಿ ವಾಸವಾಗಿರುವ ಮಹಾಲಕ್ಷ್ಮಿ ಎಂಬ ಹೆಣ್ಣುಮಗಳು ಈ ಮಾತನ್ನು ಯಾವ ಪ್ರವಚನದಲ್ಲೂ ಕೇಳಿ ತಿಳಿದವಳಲ್ಲ. ದಿನವೂ ತನ್ನ ಬೆನ್ನ ಹಿಂದೆ ಅನುಭವಿಸಿ ತಿಳಿದವಳು.

ಅವಳದು ಕುರಿ ಸಾಕುವವರ ಮನೆತನ. ಅಜ್ಜನ ಕಾಲದಲ್ಲಿ ಮಸ್ಕಿಯ ಕಡೆಯ ಒಣ ಹೊಲಗಳಲ್ಲಿ ಕುರಿ ತರುಬುತ್ತಿದ್ದವರು, ಕಾಲುವೆಗೆ ನೀರು ಬಂದು ಬಯಲೆಲ್ಲ ಗದ್ದೆಯಾದ ಮೇಲೆ ಕೂಲಿ ಹುಡುಕಿಕೊಂಡು ಸಿಂಧನೂರಿಗೆ ಬಂದು ನೆಲೆಸಿದರು. ಮದುವೆಯ ಮಾತು ಮನೆಯಲ್ಲಿ ಇನ್ನೂ ಮೊಳೆಯುತ್ತಿದ್ದ ವಯಸ್ಸಿನಲ್ಲಿ ಮಹಾಲಕ್ಷ್ಮಿ ಗೊರೇಬಾಳದ ಗದ್ದೆಗೆ ನಾಟಿಯ ಕೆಲಸಕ್ಕೆ ಹೊರಟಿದ್ದಳು. ಹೆಂಗಸರನ್ನು ತುಂಬಿಕೊಂಡ ಟ್ರ್ಯಾಕ್ಟರಿನ ಟ್ರಾಲಿ ಕಾಲುವೆಯ ಏರಿಯ ಮೇಲೆ ಮಗುಚಿಬಿತ್ತು. ಉಳಿದವರು ಮೈಕೈ ತರಚಿಕೊಂಡು ಎದ್ದು ನಿಂತರು, ಮಹಾಲಕ್ಷ್ಮಿ ಏಳಲಿಲ್ಲ. ಬೆನ್ನಿಗೆ ಬಿದ್ದ ಪೆಟ್ಟು ಸೊಂಟದ ಕೆಳಗಿನ ಕಸುವನ್ನೆಲ್ಲ ಕಸಿದುಕೊಂಡಿತ್ತು.

ಅಲ್ಲಿಂದ ಮುಂದೆ ಹಲವು ವರ್ಷ ಅವಳ ಲೋಕವೆಂದರೆ ಒಂದು ಹೊರಸು, ಒಂದು ಗೋಡೆ. ತಾಯಿ ಪಾರ್ವತೆಮ್ಮ ನಸುಕಿನಲ್ಲಿ ರೊಟ್ಟಿ ಬಡಿದಿಟ್ಟು ಹೊಲದ ಕೆಲಸಕ್ಕೆ ಹೋಗುವಳು. ಅಣ್ಣ ಮಾಳಿಂಗರಾಯ ಆಟೋ ಓಡಿಸಲು ಹೋಗುವನು. ಸಂಜೆಯವರೆಗೆ ಅವಳು ಮತ್ತು ಆ ಗೋಡೆ. ಆಮೇಲೆ ಯಾರೋ ಪುಣ್ಯವಂತರ ನೆರವಿನಿಂದ ಗಾಲಿಕುರ್ಚಿ ಬಂತು. ಕುಳಿತಲ್ಲಿಯೇ ಹೊಲಿಗೆ ಕಲಿತಳು. ದೊಡ್ಡ ರಸ್ತೆಯ ಬದಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದ ಚಾಂದ್‌ಬೀ, ಇವಳ ಕೈಗೆಲಸ ನೋಡಿ, ಮೋಟಾರು ಜೋಡಿಸಿದ ಒಂದು ಯಂತ್ರವನ್ನು ಇವಳಿಗೆಂದೇ ಬಿಟ್ಟುಕೊಟ್ಟಳು. ಬೆಳಿಗ್ಗೆ ಅಣ್ಣನೇ ಅವಳನ್ನು ಎತ್ತಿ ಆಟೋದಲ್ಲಿ ಕೂರಿಸಿ, ಕುರ್ಚಿಯನ್ನು ಹಿಂದೆ ಕಟ್ಟಿ ಅಂಗಡಿಗೆ ಮುಟ್ಟಿಸುತ್ತಿದ್ದ. ಅಂಗಡಿಯಲ್ಲಿ ನಗೆ, ಜಗಳ, ಊರ ಸುದ್ದಿ, ಅಳತೆಗೆ ಬಂದ ಮದುಮಗಳ ನಾಚಿಕೆ ಎಲ್ಲವೂ ಇದ್ದವು. ಹೊರಸಿನ ಮೇಲೆ ಬಾಡಿದ್ದ ಜೀವ ಅಲ್ಲಿ ಮತ್ತೆ ಚಿಗುರಿತು.

ಹೀಗಿರುವಾಗ, ನಸುಕಿನಲ್ಲೇ ಸಿಂಧನೂರಿನಿಂದ ಮಸ್ಕಿಗೆ ವ್ಯಾಪಾರದವರನ್ನು ಒಯ್ಯುವ ಕಾಯಂ ಬಾಡಿಗೆಯೊಂದು ಮಾಳಿಂಗರಾಯನಿಗೆ ಗೊತ್ತಾಯಿತು. ಬಿಡುವಂಥ ಬಾಡಿಗೆಯಲ್ಲ. ಆದರೆ ಅದನ್ನು ಹಿಡಿದರೆ ತಂಗಿಯನ್ನು ಅಂಗಡಿಗೆ ಮುಟ್ಟಿಸುವವರು ಯಾರು?

"ಮಷಿನ್ನು ಮನಿಗೇ ತಂದು ಹಾಕ್ತೀನಿ. ಇಲ್ಲೇ ನೆಳ್ಳಾಗ ಕುಂತು ಹೊಲಿ, ಯಾರು ಬ್ಯಾಡಂದಾರ?" ಎಂದ.

"ಹೊಲಿಯಾಕ ಮಷಿನ್ ಸಾಕಣ್ಣಾ. ಮಾತಾಡಾಕ ಮಂದಿ ಬೇಕಲ್ಲ? ಆ ಗ್ವಾಡಿ ಕೂಡ ಮಾತಾಡಿ ಮಾತಾಡಿ, ಅದಕ್ಕೂ ಬ್ಯಾಸರಾಗೇತಿ."

"ಓಣ್ಯಾಗ ಒಬ್ಬಾಕಿ ಹೆಂಗ ಹೋಗ್ತೀ? ನಾಯಿ, ಹಂದಿ, ಬೈಕು, ಗಟಾರ…"

"ನಾಯಿ, ಹಂದಿ ಅದಽ ಓಣ್ಯಾಗ ಆರಾಮ ಅಡ್ಡಾಡಾಕತ್ತಾವ. ಅವಕ್ಕಿರೋ ಧೈರ್ಯ ನನಗಿಲ್ಲೇನು?"

ಮಾಳಿಂಗರಾಯ ನಕ್ಕನಾದರೂ ಒಪ್ಪಲಿಲ್ಲ. ಕೊನೆಗೆ ತಾಯಿಯ ಮುಂದೆ ಒಂದು ಮಾತಾಯಿತು: ಈ ಸುಗ್ಗಿ ಮುಗಿಯುವವರೆಗೆ ಅವಳು ತಾನೇ ಗಾಲಿ ತಿರುಗಿಸಿಕೊಂಡು ಹೋಗಿ ಬರಬೇಕು. ಏನೂ ಆಗದಿದ್ದರೆ ಅವನು ಮಸ್ಕಿಯ ಬಾಡಿಗೆ ಹಿಡಿಯುವನು, ಅವಳು ಅಂಗಡಿಗೆ ಹೋಗುವಳು. ಬಿದ್ದು ಪೆಟ್ಟು ಮಾಡಿಕೊಂಡರೆ ಯಂತ್ರ ಮನೆಗೆ ಬರುವುದು, ಅವಳು ಗೋಡೆಯ ಬಳಿಗೆ ಮರಳುವಳು.

ಪಾರ್ವತೆಮ್ಮ ಮಗಳ ಹಣೆಗೆ ಬೀರದೇವರ ಭಂಡಾರ ಹಚ್ಚಿ ಕಳಿಸಿದಳು. ಅಂದಿನಿಂದ ಮಹಾಲಕ್ಷ್ಮಿ ಆ ಓಣಿಯನ್ನು ಹೊಸದಾಗಿ ಕಲಿತಳು. ಎಲ್ಲಿ ಸಿಮೆಂಟು ಎದ್ದಿದೆ, ಯಾರ ಮನೆಯ ಮೆಟ್ಟಿಲು ರಸ್ತೆಗೆ ಚಾಚಿದೆ, ಅಂಗಳ ತೊಳೆದ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಅವಳ ಅಂಗೈಗಳು ಅರಿತವು. ಎಲ್ಲಕ್ಕಿಂತ ಕಠಿಣವಾದದ್ದು ಓಣಿಯ ಬಾಯಿಯಲ್ಲಿದ್ದ ಗಟಾರ. ಅದರ ಮೇಲೆ ಹಾಸಿದ ಎರಡು ಪರ್ಸಿ ಕಲ್ಲುಗಳ ನಡುವೆ ಬಿರುಕೊಂದಿತ್ತು. ಕುರ್ಚಿಯ ಮುಂದಿನ ಪುಟ್ಟ ಗಾಲಿ ಅದರಲ್ಲಿ ಸಿಕ್ಕಿಬೀಳುತ್ತಿತ್ತು. ಅವಳು ಕುರ್ಚಿಯನ್ನು ಹಿಮ್ಮುಖವಾಗಿ ತಿರುಗಿಸಿ, ದೊಡ್ಡ ಗಾಲಿಗಳನ್ನು ಮೊದಲು ದಾಟಿಸುವುದನ್ನು ರೂಢಿ ಮಾಡಿಕೊಂಡಳು.

ಕಲ್ಲು, ಬಿರುಕುಗಳನ್ನು ಗೆಲ್ಲಬಹುದಿತ್ತು; ಕನಿಕರವನ್ನು ಗೆಲ್ಲುವುದೇ ಕಷ್ಟವಾಯಿತು. ಅವಳು ಹೊರಟಳೆಂದರೆ ಸಾಕು, "ಅಯ್ಯೋ ಪಾಪ, ನಮ್ಮವ್ವ" ಎನ್ನುತ್ತ ಯಾರಾದರೊಬ್ಬರು ಹಿಂದಿನಿಂದ ಬಂದು ಕುರ್ಚಿ ಹಿಡಿದು ತಳ್ಳುವರು. ಅವಳು ಎಡಕ್ಕೆ ಹೋಗಬೇಕೆಂದಿದ್ದರೆ ಅವರು ಬಲಕ್ಕೆ ಒಯ್ಯುವರು. ತರಕಾರಿ ಕೊಳ್ಳಲೆಂದು ನಿಂತಿದ್ದವಳನ್ನು ಒಬ್ಬರು ಮನೆಯವರೆಗೆ ಮುಟ್ಟಿಸಿಯೇ ಹೋದರು, ಬರಿಗೈಯಲ್ಲಿ!

ಈ ಕರುಣಾಮಯಿಗಳಲ್ಲಿ ಅಗ್ರಗಣ್ಯನೆಂದರೆ ನೆರೆಮನೆಯ ಗ್ಯಾನಪ್ಪ. ಓಣಿಯ ಭಜನೆಗೆ ಅವನೇ ಮುಂದಾಳು. ಸೋಮವಾರ ನೀರನ್ನೂ ಅಳೆದು ಕುಡಿಯುವ ವ್ರತಸ್ಥ. ಇರುವೆ ಕಂಡರೆ ಹೆಜ್ಜೆ ಬದಲಿಸುವ ಮೃದುಹೃದಯಿ. ಒಂದು ಬೆಳಿಗ್ಗೆ ಅವನು ಗುಡಿಯಿಂದ ಬರುತ್ತಿರುವಾಗ ಮಹಾಲಕ್ಷ್ಮಿ ಗಟಾರದ ಬಳಿ ಕುರ್ಚಿ ತಿರುಗಿಸುತ್ತಿದ್ದಳು. ದಾಟಲಾರದೆ ಹಿಂದಕ್ಕೆ ಹೊರಟಿದ್ದಾಳೆಂದು ಭಾವಿಸಿ, "ಶಿವಾ!" ಎಂದು ಓಡಿಬಂದವನೇ ಕುರ್ಚಿಯನ್ನು ನೇರ ಮಾಡಿ ಭಕ್ತಿಯಿಂದ ನೂಕಿದ. ಪುಟ್ಟ ಗಾಲಿ ಬಿರುಕಿಗೆ ಬಿತ್ತು. ಮಹಾಲಕ್ಷ್ಮಿ ಮುಂದಕ್ಕೆ ಉರುಳಿ ಕಲ್ಲಿನ ಮೇಲೆ ಬಿದ್ದಳು. ಮಣಿಕಟ್ಟು ಉಳುಕಿತು, ಗದ್ದ ಒಡೆಯಿತು.

ಗ್ಯಾನಪ್ಪ ಮಗುವಿನಂತೆ ಅತ್ತ. ಅವಳ ಹೆಸರಿನಲ್ಲಿ ಕಾಯಿ ಒಡೆಸಿದ. ಸಂಜೆ ಮಾಳಿಂಗರಾಯನ ಬಳಿ ಹೋಗಿ, "ತಮ್ಮಾ, ಕೂಸಿನ್ನ ಒಬ್ಬಾಕಿನ್ನ ಹೊರಗ ಬಿಡಬ್ಯಾಡೋ. ಜೀವಕ್ಕೇನರ ಆದೀತು" ಎಂದು ಕೈ ಮುಗಿದ. ಯಾರ ಕೈಯಿಂದ ಅವಳು ಬಿದ್ದಳೆಂಬುದನ್ನು ಅವನು ಮರೆಮಾಚಲಿಲ್ಲ. ಆದರೆ ಅದರಿಂದ ಕಲಿಯಬೇಕಾದುದನ್ನು ಕಲಿಯಲೂ ಇಲ್ಲ. ನಮ್ಮ ಭಕ್ತಿಗೆ ಎಷ್ಟೋ ಸಲ ಇದೇ ಗತಿ.

"ಇದು ಲೆಕ್ಕಕ್ಕಿಲ್ಲ," ಎಂದಳು ಮಹಾಲಕ್ಷ್ಮಿ ಅಣ್ಣನಿಗೆ. "ನಾ ಬಿದ್ದಿಲ್ಲ, ಕೆಡವ್ಯಾರ."

"ಯಾರು ಕೆಡವಿದ್ರೂ ಒಡೆದದ್ದು ನಿನ್ನ ಗದ್ದನಽ. ಇನ್ನೊಮ್ಮೆ ಹಿಂಗಾತು, ಮುಗೀತು ನೋಡು."

ಮಣಿಕಟ್ಟು ಸರಿಹೋಗುವಷ್ಟರಲ್ಲಿ ಭತ್ತದ ಕೊಯ್ಲು ಜೋರಾಯಿತು. ಯಂತ್ರ ಕೊಯ್ದ ಹಸಿ ಭತ್ತಕ್ಕೆ ಬಿಸಿಲು ಬೇಕು, ಬಿಸಿಲಿಗೆ ಬಯಲು ಬೇಕು. ಬಯಲಿಲ್ಲದವರಿಗೆ ರಸ್ತೆಯೇ ಕಣ. ಒಂದು ಬೆಳಿಗ್ಗೆ ಮಹಾಲಕ್ಷ್ಮಿ ಹೊರಟಾಗ ಓಣಿಯ ನಡುವೆ, ಈ ಬದಿಯ ಗೋಡೆಯಿಂದ ಆ ಬದಿಯ ಗೋಡೆಯವರೆಗೆ ಗ್ಯಾನಪ್ಪನ ಭತ್ತ ಹೊಂಬಣ್ಣದ ಜಮಖಾನೆಯಂತೆ ಹಾಸಿತ್ತು. ಅವಳು ಅದರ ಅಂಚಿಗೆ ಬಂದು ನಿಂತಳು.

"ಬಾರವ್ವಾ, ಅದರ ಮ್ಯಾಲೇ ಬಾ," ಎಂದ ಗ್ಯಾನಪ್ಪ ಔದಾರ್ಯದಿಂದ. "ಬೈಕು, ಟಂಟಂ ಎಲ್ಲಾ ಹೋಗ್ಯಾವ. ನಿನ್ನ ಗಾಲಿ ಹತ್ತಿದ್ರ ದೇವರು ಕ್ಷಮಾ ಮಾಡ್ತಾನ."

"ಅನ್ನದ ಮ್ಯಾಲ ಗಾಲಿ ಹತ್ತಸಂಗಿಲ್ಲ ಕಾಕಾ. ನನಗ ಕ್ಷಮಾ ಬ್ಯಾಡ, ಹಾದಿ ಬೇಕು."

"ಹಂಗಾರ ಇಬ್ರು ಹುಡುಗ್ರನ್ನ ಕರೀತೀನಿ ತಡಿ. ಕುರ್ಚಿ ಸಮೇತ ಹೂವಿನಂಗ ಎತ್ತಿ ಆಕಡಿ ಇಡ್ತಾರ."

"ಎತ್ತೂದೂ ಬ್ಯಾಡ."

ಮೂಲೆಯಲ್ಲಿ ಪಂಕ್ಚರ್ ಅಂಗಡಿಯ ಯೂನುಸ ಟಯರು ಬಿಚ್ಚುತ್ತಿದ್ದವನು ತಲೆ ಎತ್ತಿದ. "ಗ್ಯಾನಪ್ಪಣ್ಣಾ, ರೋಡಿನ ಮ್ಯಾಲ ನಿನ್ನ ನೆಲ್ಲು ಕಾಲು ಚಾಚಿ ಮಲಗೇತಿ, ರೋಡಿನ್ಯಾಗ ಹೋಗಾಕಿ ಕೈಕಟ್ಟಿ ನಿಂತಾಳ. ಇದ್ಯಾವ ನ್ಯಾಯರೀ?"

"ನೀ ಗಾಳಿ ಹೊಡಿಯೋ ಕೆಲಸ ನೋಡು, ಸುಮ್ನ ಬೆಂಕಿಗೆ ಗಾಳಿ ಹೊಡೀಬ್ಯಾಡ," ಎಂದು ಗ್ಯಾನಪ್ಪ ಗದರಿದ. ಆದರೆ ಅವನ ಮುಖ ಸಣ್ಣದಾಗಿತ್ತು.

ಆಗ ಅವನ ಹೆಂಡತಿ ಅಮರಮ್ಮ ಭತ್ತ ತಿರುವಲು ಬಂದಳು. ನಮ್ಮ ಕಡೆ ಹೆಂಗಸರು ಒಣಹಾಕಿದ ಕಾಳನ್ನು ಕಾಲಿನಿಂದಲೇ ಎಳೆದು ತಿರುವುತ್ತಾರೆ. ಆದರೆ ಅದರೊಳಗೆ ಕಾಲಿಡುವ ಮುನ್ನ ಬಾಗಿ, ಕಾಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಅಪ್ಪಣೆ ಬೇಡುತ್ತಾರೆ. ಅಮರಮ್ಮನೂ ಚಪ್ಪಲಿ ಕಳಚಿಟ್ಟು ಹಾಗೆಯೇ ಮಾಡಿದಳು. "ಕಾಲು ಇಡ್ತೀನಿ ತಾಯಿ, ಸಿಟ್ಟಾಗಬ್ಯಾಡ," ಎಂದು ಮೆಲ್ಲಗೆ ಅಂದಳು.

ಮಹಾಲಕ್ಷ್ಮಿ ಅದನ್ನೇ ನೋಡುತ್ತಿದ್ದಳು. ಹುಟ್ಟಿದಂದಿನಿಂದ ಕಂಡ ಪದ್ಧತಿಯೇ. ಆದರೆ ಅಂದು ಅದು ಅವಳ ಎದೆಗೆ ಬೇರೆ ರೀತಿಯಲ್ಲಿ ನಾಟಿತು.

"ಕಾಕಾ," ಎಂದಳು. "ಕಾಳಿಗೆ ಕೈ ಮುಗಿದು, ಕೇಳಿ, ಆಮ್ಯಾಲ ಕಾಲಿಡ್ತೀರಿ. ಛೊಲೋ ಪದ್ಧತಿ. ನನ್ನ ಕುರ್ಚಿಗೆ ಕೈ ಹಾಕೂ ಮುಂದ ಈ ಓಣ್ಯಾಗ ಒಬ್ರರ ನನ್ನ ಕೇಳ್ಯಾರೇನು? ಇದು ನನಗ ಕುರ್ಚಿ ಅಲ್ಲ ಕಾಕಾ, ನನ್ನ ಕಾಲು. ನಿಮ್ಮ ಕಾಲು ಹಿಡಿದು ಯಾರರ ಎಳೆದ್ರ ಹೆಂಗಿರತೈತಿ?"

ಅಮರಮ್ಮ ಭತ್ತದೊಳಗಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದಳು.

"ಹಂಗಂದ್ರ ನಾವೆಲ್ಲಾ ಪಾಪಿಗಳೇನವ್ವಾ?" ಎಂದ ಗ್ಯಾನಪ್ಪ, ನೋವಿನಿಂದ.

"ಪಾಪ ಅಲ್ಲ ಕಾಕಾ. ಮರೆವು."

ಉತ್ತರ ಕೊಟ್ಟವಳು ಅಮರಮ್ಮ. ಗೋಡೆಗೆ ಒರಗಿಸಿದ್ದ, ಕಾಳು ಎಳೆಯುವ ಉದ್ದ ಹಿಡಿಕೆಯ ಹಲಗೆಯನ್ನು ತಂದು ಮಹಾಲಕ್ಷ್ಮಿಯ ಎದುರು ನಿಂತು, "ಎಷ್ಟು ಅಗಲ ಬೇಕು ಹೇಳವ್ವಾ?" ಎಂದು ಕೇಳಿದಳು.

"ಕುರ್ಚಿಯಷ್ಟು. ಮ್ಯಾಲ ಒಂದು ಗೇಣು."

ಗ್ಯಾನಪ್ಪ ಹೆಂಡತಿಯ ಕೈಯಿಂದ ಹಲಗೆ ಇಸಿದುಕೊಂಡು ತಾನೇ ಎಳೆಯತೊಡಗಿದ. ಹಾದಿ ಸೊಟ್ಟಗಾಯಿತು. "ಭಜನಿ ಹಾಡಿದಂಗ ಎಳೆಯಾಕತ್ತೀ, ಎತ್ತಾಗರ ಹೊಂಟೇತಿ," ಎಂದಳು ಅಮರಮ್ಮ. ಮಹಾಲಕ್ಷ್ಮಿಗೂ ನಗು ಬಂತು. ಕಾಳು ಎರಡು ಬದಿಗೆ ಸರಿದು ನಡುವೆ ಸಿಮೆಂಟು ಕಂಡಿತು. ಅವಳು ಗಾಲಿ ತಿರುಗಿಸಿ, ಒಂದು ಕಾಳನ್ನೂ ಮೆಟ್ಟದಂತೆ, ನಿಧಾನವಾಗಿ ಆಚೆಗೆ ಬಂದಳು.

ಇನ್ನುಳಿದದ್ದು ಗಟಾರ. ಅದೇ ಹೊತ್ತಿಗೆ ಮಾಳಿಂಗರಾಯನ ಆಟೋ ಓಣಿಯ ಬಾಯಿಗೆ ಬಂತು. ತಂಗಿಗೆ ದಾರಿಯಿಲ್ಲವೆಂದು ಯಾರೋ ಸುದ್ದಿ ಮುಟ್ಟಿಸಿದ್ದರು. ಅವನು ಇಳಿಯುವಾಗ ಅವಳು ಕುರ್ಚಿಯನ್ನು ಹಿಮ್ಮುಖ ಮಾಡಿ ಬಿರುಕಿನ ಮೇಲೆ ಒತ್ತಿದ್ದಳು. ಉಳುಕಿದ್ದ ಮಣಿಕಟ್ಟು ಸೋತಿತು. ಗಾಲಿ ಬಂದ ಕಡೆಗೇ ಜಾರಿ, ಕುರ್ಚಿ ಒಮ್ಮೆ ವಾಲಿತು. ಮಾಳಿಂಗರಾಯ ಧಾವಿಸಿದ. ಅವನ ತೋಳನ್ನು ಹಿಡಿದು ನಿಲ್ಲಿಸಿದವನು, ಅವಳ ಹಿಂದೆಯೇ ಬಂದಿದ್ದ ಗ್ಯಾನಪ್ಪ.

"ಮೊದಲ ಕೇಳೋ," ಎಂದ, ಉಸಿರು ಬಿಗಿಹಿಡಿದು.

ಮಾಳಿಂಗರಾಯ ಅವನನ್ನೂ ತಂಗಿಯನ್ನೂ ನೋಡಿದ. ಕೇಳುವುದು ಅವನಿಗೂ ಹೊಸದು. "ತಂಗೀ… ಹಿಡೀಲೇನು?"

ಮಹಾಲಕ್ಷ್ಮಿ ಉಸಿರು ತಿರುಗಿಸಿಕೊಂಡಳು. ಛಲವೇ ಮುಖ್ಯವಾಗಿದ್ದರೆ ಬೇಡವೆನ್ನುತ್ತಿದ್ದಳೇನೋ. "ಹೂಂ. ಎಡಗಡೆ ಗಾಲಿ ಹಿಂದಕ್ಕ ಜಾರದಂಗ ಪಾದ ಕೊಡು. ಎತ್ತಬ್ಯಾಡ, ನೂಕಬ್ಯಾಡ."

ಅವನು ಪಾದ ಕೊಟ್ಟ. ಅವಳು ಎರಡೂ ತೋಳುಗಳಿಂದ ಎಳೆದಳು. ದೊಡ್ಡ ಗಾಲಿ ಹತ್ತಿತು, ಪುಟ್ಟ ಗಾಲಿ ಬಿರುಕನ್ನು ಸವರಿಕೊಂಡು ದಾಟಿತು. ಯೂನುಸ ನಟ್ಟು ಬಿಚ್ಚುವ ಪಾನೆಯಿಂದ ಕಬ್ಬಿಣದ ರಿಮ್ಮನ್ನು ಒಮ್ಮೆ ಬಾರಿಸಿ, "ಶಾಬಾಸ್!" ಎಂದ. ಅವಳು ದೊಡ್ಡ ರಸ್ತೆಯ ಅಂಚು ಹಿಡಿದು ಚಾಂದ್‌ಬೀಯ ಅಂಗಡಿಯತ್ತ ಸಾಗಿದಳು. ಆಟೋ ಅಲ್ಲೇ ನಿಂತಿತ್ತು. ಮಾಳಿಂಗರಾಯ ಹತ್ತು ಎನ್ನಲಿಲ್ಲ.

ಕೇಳಿ ಕೊಟ್ಟ ನೆರವಿನಲ್ಲಿ ದೇವರಿದ್ದಾನೆ, ಕೇಳದೆ ಹೇರಿದ್ದರಲ್ಲಿ ನಾವಷ್ಟೇ ಇರುತ್ತೇವೆ. ಓಣಿ ಒಂದೇ ದಿನದಲ್ಲಿ ಬದಲಾಯಿತೆಂದರೆ ಸುಳ್ಳಾದೀತು. ಇಂದಿಗೂ ಹೊಸಬರಾರೋ ಹಿಂದಿನಿಂದ ಕುರ್ಚಿ ಹಿಡಿಯುತ್ತಾರೆ, ಅವಳು ಗದರುತ್ತಾಳೆ. ಗ್ಯಾನಪ್ಪನ ಕೈಯೂ ಆಗಾಗ ಮುಂದೆ ಬರುತ್ತದೆ, ಅವನು ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಏನರ ಬೇಕೇನವ್ವಾ?" ಎನ್ನುತ್ತಾನೆ. ಹೆಚ್ಚಿನ ದಿನಗಳಲ್ಲಿ ಅವಳ ಉತ್ತರ "ಏನೂ ಬ್ಯಾಡ ಕಾಕಾ" ಎಂದೇ.

ಸುಗ್ಗಿ ಮುಗಿದ ಮೇಲಿನ ಮೊದಲ ಸೋಮವಾರ ಪಾರ್ವತೆಮ್ಮ ಎಂದಿನಂತೆ ಹೊಲಕ್ಕೆ ಹೋಗಿದ್ದಳು. ಮಾಳಿಂಗರಾಯ ಆಟೋ ಒರೆಸಿ ಮಸ್ಕಿಗೆ ಹೊರಡಲು ಸಿದ್ಧನಾದ. ಒಳಗೆ ಮಹಾಲಕ್ಷ್ಮಿ ಬುತ್ತಿ ಕಟ್ಟಿಕೊಳ್ಳುತ್ತಿದ್ದಳು. ಹುಷಾರು ಎನ್ನುವನೋ, ಯಾರನ್ನಾದರೂ ಜೊತೆಗೆ ಕರೆದುಕೋ ಎನ್ನುವನೋ ಎಂದು ಅವಳು ಕಾದಳು. ಅವನು ಆಟೋ ಚಾಲೂ ಮಾಡಿ, ಮನೆಯಿಂದ ಹೊರಡುವ ಯಾರಿಗಾದರೂ ಹೇಳುವಷ್ಟು ಸಹಜವಾಗಿ ಕೂಗಿ ಹೇಳಿದ:

"ಹೋಗೂ ಮುಂದ ಬಾಗಲಾ ಕೀಲಿ ಹಾಕ್ಕೊಂಡು ಹೋಗ್ಬೇ!"