ಶೀತಲ್ ಎಂಬ ಸವತಿ

ಮುಂಬಯಿಯ ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಸುಂದ್ರವ್ವನ ಬಾಯಿಗೆ ಹೆದರದವರಿಲ್ಲ. ಕಲಬುರಗಿ ಕಡೆಯ ಹಳ್ಳಿಯಿಂದ ಗಂಡ ಗುರಲಿಂಗಪ್ಪನ ಜೊತೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ, ಅವನು ಗಾರೆ ಕೆಲಸ ಮುಗಿಸಿ ಬಂದನೆಂದರೆ ನೀರು ಕಾಯಿಸಿ, ಒಲೆಯ ಪಕ್ಕದ ಬಚ್ಚಲು ಮೋರಿಯಲ್ಲಿ ಕೂರಿಸಿ, ಬೆನ್ನು ತಿಕ್ಕಿ ಮೈಮೇಲೆ ನೀರು ಹಾಕಿದವಳು ಅವಳೇ. ನೆರೆಯವರು ನಕ್ಕರೆ, "ನನ್ನ ಗಂಡ, ನನ್ನ ನೀರು. ನಿಮಗ್ಯಾಕ ಉರಿ?" ಎನ್ನುತ್ತಿದ್ದಳು.

ಗುರಲಿಂಗಪ್ಪ ಗೋರೆಗಾಂವ್‌ನ ಒಂದು ಜಿಮ್ಮಿನಲ್ಲಿ ನೆಲ ಒರೆಸುವ, ಕಬ್ಬಿಣದ ತೂಕ ಎತ್ತಿಡುವ ಕೆಲಸ ಹಿಡಿದ ಮೇಲೆ ಎಡವಟ್ಟಾಯಿತು. ಮನೆಗೆ ಸ್ನಾನ ಮುಗಿಸಿಯೇ ಬರತೊಡಗಿದ. ಇವಳು ಕಾಯಿಸಿಟ್ಟ ನೀರು ಆರಿ ಹೋಗುತ್ತಿತ್ತು. ಒಂದು ಸಂಜೆ ಅವನು ಫೋನಿನಲ್ಲಿ ನಗುತ್ತ, "ಹಾಂ ಸರ್, ಶೀತಲ್ ಕೆ ಬಾದ್ ಬಹುತ್ ಆರಾಮ್" ಎಂದದ್ದು ಕಿವಿಗೆ ಬಿತ್ತು. ಶೀತಲ್ ಆದ ಮೇಲೆ ಬಹಳ ಆರಾಮವಂತೆ!

ಶೀತಲ್! ಮುಂಬಯಿಯಲ್ಲಿ ಗಲ್ಲಿಗೊಬ್ಬಳು ಆ ಹೆಸರಿನವಳಿದ್ದಾಳೆ. ಸುಂದ್ರವ್ವನ ಹೊಟ್ಟೆಗೆ ಬೆಂಕಿ ಬಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗಂಡನ ಮೈಯ ಸೋಪಿನ ವಾಸನೆಯೂ ಅವಳಿಗೆ ಆ ಹೆಂಗಸಿನದೇ ಅನ್ನಿಸಿತು.

ಮರುದಿನ ಲೋಕಲ್ ಹತ್ತಿ ಹೋಗಿ ಜಿಮ್ಮಿನ ಬಾಗಿಲಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಕಸರತ್ತು ಕಲಿಸುವ ಮಾಸ್ತರ ಎದುರಾದ.

"ಗುರಲಿಂಗಪ್ಪ ಕಿಧರ್?"

"ಬಾಥ್‌ರೂಮ್ ಮೇ."

"ಔರ್ ಶೀತಲ್?"

"ಅಭೀ ಗರಮ್ ಚಾಲೂ ಹೈ. ಶೀತಲ್ ಉಸ್ಕೆ ಬಾದ್." ಈಗ ಬಿಸಿ ನಡೆದಿದೆ, ಶೀತಲ್ ಅದರ ನಂತರವಂತೆ!

ಸುಂದ್ರವ್ವ ಬಾತ್‌ರೂಮಿನ ಬಾಗಿಲು ಗುದ್ದಿದಳು. ಟವೆಲ್ ಸುತ್ತಿಕೊಂಡ ಗುರಲಿಂಗಪ್ಪ ಗಾಬರಿಯಿಂದ ತೆರೆದ. ಒಳಗೆ ಶಾವರ್ ಬಿಟ್ಟರೆ ಯಾರೂ ಇರಲಿಲ್ಲ.

"ಏ ಹುಚ್ಚಿ, ಶೀತಲ್ ಅಂದ್ರ ತಣ್ಣೀರಽ! ಮಾಸ್ತರ ಹಂಗಽ ಅಂತಾರ. ಮೂರು ನಿಮಿಷ ಬಿಸಿ, ಒಂದು ನಿಮಿಷ ತಣ್ಣಗ, ಹಿಂಗ ನಾಕು ಸಲ. ತೂಕ ಎತ್ತಿ ಹಿಡದ ಮೈ ಸಡ್ಲ ಆಗ್ತದ" ಎಂದು ಅವನು ನಕ್ಕ. ಮಾಸ್ತರನೂ ನಕ್ಕ.

ಸುಂದ್ರವ್ವ ನಗಲಿಲ್ಲ. ಗಂಡ ಶಾವರಿನ ಹಿಡಿಕೆಯನ್ನು ಅತ್ತ ತಿರುಗಿಸಿ ತೋರಿಸಿದ, ಹಬೆಯೆದ್ದಿತು. ಇತ್ತ ತಿರುಗಿಸಿದ, ತಣ್ಣೀರು ಸುರಿಯಿತು.

"ಬೆನ್ನಿಗೆ ಯಾರು ನೀರು ಹಾಕ್ತಾರ?"

"ಯಾರೂ ಬ್ಯಾಡ. ತಾನಽ ಬೀಳ್ತದ."

ಸುಂದ್ರವ್ವ ಸೊಂಟದ ಸೆರಗು ಬಿಚ್ಚಿ ಕಣ್ಣೊರೆಸಿಕೊಂಡಳು. "ಹೆಂಗಸಾಗಿದ್ರ ಜಡಿ ಹಿಡದು ಹೊರಗ ಎಳೀತಿದ್ನಿ. ಇದನ್ನ ಎಲ್ಲಿ ಹಿಡದು ಎಳೀಲ್ರಿ?"